ಶೀತಲ್‌ಗೆ ಶರ್ಟ್ ಪೀಸು

ಮುಂಬೈನ ಸಾಂತಾಕ್ರೂಜ್‌ನ ಬಟ್ಟೆ ಅಂಗಡಿಯಲ್ಲಿ, ಬಿಲ್ಲಿನ ಸಾಲಿನಲ್ಲಿ, ನನ್ನ ಮುಂದೆ ಅಕ್ಕತಂಗಿಯರಿಬ್ಬರು ನಿಂತಿದ್ದರು. ತಂಗಿ ನೇತ್ರಾಳ ಕಣ್ಣಿಗೆ ಕಾಡಿಗೆ, ಜಡೆಗೆ ಮಲ್ಲಿಗೆ. ಅಕ್ಕನ ಕೈಯಲ್ಲಿ ಒಂದು ಸೀರೆ, ಒಂದು ಶರ್ಟ್ ಪೀಸು.

“ಅಕ್ಕಾ, ಶರ್ಟ್ ಪೀಸ್ ಯಾರಿಗೆ?”

“ನಿನ್ನ ಶೀತಲ್‌ಗ. ಸೀರಿ ನಿನಗ. ನೀ ಮೆಚ್ಚಿದಾಕಿ ಅಂದ್ರ ಅಳಿಯನ ಲೆಕ್ಕ. ರವಿವಾರ ಮೊದಲ ಸಲ ಮನಿಗೆ ಬರ್ತಾಳ, ಬಟ್ಟಿ ಕೊಟ್ಟು ಆಯೇರಿ ಮಾಡಬಾರದೇನು?”

“ಆಕಿ ಶರ್ಟ್ ಹಾಕಂಗಿಲ್ಲ! ನನಗಿಂತ ಉದ್ದ ಜಡಿ ಐತಿ ಆಕೀಗೆ.”

“ಹಂಗಾರ ಇಬ್ಬರೊಳಗ ಗಂಡ ಯಾರು?”

“ಯಾರೂ ಇಲ್ಲ! ಇಬ್ಬರೂ ಹೆಂಗಸರು, ಅಕ್ಕಾ!”

ಸಾಲು ಮುಂದೆ ಸರಿಯಲಿಲ್ಲ. ಸರಿಯುವ ಆತುರ ನನಗೂ ಇರಲಿಲ್ಲ.

“ಅವ್ವ ನಂಬಂಗಿಲ್ಲ ಬಿಡು,” ಅಂದಳು ಅಕ್ಕ. “ ಇಷ್ಟ ಸಿಂಗಾರ ಮಾಡ್ಕೊಳ್ಳಾಕಿ ಅಂಥಾಕಿ ಹೆಂಗ ಆಗ್ತಾಳ ಅಂತಾಳ.”

“ಅಂದಬಿಟ್ಲು. ಚಲೋ ವರ ಸಿಕ್ರ ಸರಿಹೋಗ್ತಿ ಅಂದ್ಲು. ಅದಕ್ಕ ನೀ ಬೇಕು. ರವಿವಾರ ನನ್ನ ಕಡೆ ನಿಲ್ತಿಯಿಲ್ಲೋ?”

ಅಕ್ಕ ಶರ್ಟ್ ಪೀಸನ್ನು ಕೌಂಟರಿನ ಮೇಲೆ ಕುಕ್ಕಿದಳು.

“ಭೈಯಾ, ಯೇ ವಾಪಸ್ ಲೋ. ಔರ್ ಏಕ್ ಸಾಡಿ ದಿಖಾವೋ, ಇಸೀ ಕೆ ಜೈಸಾ!”

ಅದೇ ಥರದ ಇನ್ನೊಂದು ಸೀರೆ ಎಂದದ್ದೇ ತಡ, ನೇತ್ರಾ ಅಲ್ಲೇ ಅಕ್ಕನನ್ನು ತಬ್ಬಿಕೊಂಡಳು.

“ಬಿಡ, ಹುಚ್ಚಿ, ಮಂದಿ ನೋಡ್ತಾರ! ಬಣ್ಣ ನೀನ ಆರಿಸು, ನಡಿ.” ತಂಗಿಯನ್ನು ಸೀರೆಗಳ ಕಡೆ ಎಳೆದುಕೊಂಡು ಹೋಗುತ್ತ ಅಕ್ಕ ಹೇಳಿದಳು: “ಇಬ್ಬರನ್ನೂ ಜೋಡಿ ಕೂಡಿಸಿ ನಾನ ಉಡಿ ತುಂಬ್ತೀನಿ. ಅವ್ವ ಬೇಕಾರ ತೆಂಗಿನಕಾಯಿ ಹಿಡಕೊಂಡು ನಿಲ್ಲಲಿ.”