ಮುಖ ಚೆನ್ನಾಗಿದೆ

ಚರ್ಮದ ಡಾಕ್ಟರ ಬಾಗಿಲ ಮುಂದೆ ಮೊಣಕೈ ಕೆರೆದುಕೊಳ್ಳುತ್ತ ಕೂತಿದ್ದ ದರ್ಜಿಯ ಕಿವಿಗೆ ಪಕ್ಕದ ಬೆಂಚಿನ ಅಕ್ಕತಂಗಿಯರ ಮಾತು ಬಿತ್ತು.

"ಮೊಡವೆ ಪೂರ್ತಿ ಹೋಯ್ತು ಕಣೇ."

"ಮೂಡೂ ಹೋಯ್ತು, ಅಕ್ಕ."

"ಆ ಮಾತ್ರೆ ಶುರು ಮಾಡಿದ್ಮೇಲೇ ಅಲ್ವಾ ನೀನು ಮಂಕಾಗಿದ್ದು? ಸುಮ್ಮಸುಮ್ಮನೆ ಅಳ್ತೀಯ. ಇವತ್ತು ಡಾಕ್ಟ್ರಿಗೆ ಹೇಳ್ಬಿಡು."

"ಹೇಳಿದ್ರೆ ನಿಲ್ಲಿಸ್ತಾರೆ. ಮೊಡವೆ ವಾಪಸ್ ಬರುತ್ತೆ."

"ಬರ್ಲಿ ಬಿಡು. ಮೊಡವೆ ಇದ್ದಾಗ ನನ್ನ ಜತೆ ಜಗಳಕ್ಕಾದ್ರೂ ಬರ್ತಿದ್ದೆ. ಈಗ ನಿನ್ನ ಹೊಸ ಚಪ್ಪಲಿ ಮೆಟ್ಟಿಕೊಂಡು ಬಂದಿದ್ದೀನಿ, ತಿರುಗಿ ಸಹ ನೋಡ್ಲಿಲ್ಲ ನೀನು."

ತಂಗಿ ಬಗ್ಗಿ ನೋಡಿದಳು.

"ಕಳ್ಳಿ."

"ಹಾಂ, ಹಾಗೆ ಬಯ್ಯಿ."

ಅಷ್ಟರಲ್ಲಿ ಬಾಗಿಲು ತೆರೆಯಿತು. "ಮುಖ ಹೇಗಿದೆಯಮ್ಮ?" ಎಂದರು ಡಾಕ್ಟರು.

"ಮುಖ ಚೆನ್ನಾಗಿದೆ, ಡಾಕ್ಟ್ರೇ. ನಾನೇ ಚೆನ್ನಾಗಿಲ್ಲ," ಎನ್ನುತ್ತ ತಂಗಿ ಒಳನಡೆದಳು. ಅಕ್ಕ ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟು ಹಿಂದೆಯೇ ನುಗ್ಗಿದಳು.