ಪುಕ್ಕಟೆ ಗುಬ್ಬಿ

ಅಂಚೆ ಕಚೇರಿಯ ಸಾಲಿನಲ್ಲಿ ಗಡಿಯಾರ ರಿಪೇರಿಯವನ ಮುಂದೆ, ಆನ್‌ಲೈನ್ ಅಂಗಡಿ ನಡೆಸುವ ಅಕ್ಕ-ತಮ್ಮ ಇನ್ನೂ ಅಂಟಿಸದ ಪೊಟ್ಟಣ ಹಿಡಿದು ನಿಂತಿದ್ದರು. ಬೇಡವೆಂದರೂ ಮಾತು ಅವನ ಕಿವಿಗೆ ಬೀಳುತ್ತಿತ್ತು.

“ಇನ್ಮೇಲೆ ಹೊರದೇಶಕ್ಕೆ ಹೋಗೋ ಪುಟ್ಟ ಪಾರ್ಸಲ್‌ಗೂ ಸುಂಕ ಅಂತೆ ಕಣೋ. ಒಳಗಿರೋ ಒಂದೊಂದಕ್ಕೂ ಬೆಲೆ ಬರೀಬೇಕು.”

“ದಿಂಬಿನ ಕವರ್‌ಗೆ ಬರೆದೆ. ಅಮ್ಮ ಹೊಲಿದ ಬಟ್ಟೆ ಗುಬ್ಬಿಗೆ?”

“ಅದು ಕವರ್ ಜೊತೆ ಪುಕ್ಕಟೆ ಕೊಡೋದಲ್ವಾ? ಸೊನ್ನೆ ಹಾಕು.”

“ಸೊನ್ನೆ ಹಾಕಿದ್ರೆ ಪಾರ್ಸಲ್ ವಾಪಸ್ ಬರುತ್ತಕ್ಕ. ಬೆಲೆ ಹಾಕಿದ್ರೆ ಗಿರಾಕಿ ಅದಕ್ಕೂ ಸುಂಕ ಕಟ್ಬೇಕು.”

ಅಕ್ಕನ ಮುಖ ಸಪ್ಪಗಾಯಿತು.

“ಹಾಗಾದ್ರೆ ಗುಬ್ಬಿ ಬೇಡ.”

“ಅಮ್ಮಂಗೇನು ಹೇಳೋಣ? ಹಾಸಿಗೇಲೇ ಕೂತು ಹೊಲೀತಾಳೆ. ಸಂಜೆಯಾದ್ರೆ ‘ಇವತ್ತು ಎಷ್ಟು ಹಾರಿದ್ವು?’ ಅಂತಾಳೆ.”

“ಎಲ್ಲಾ ಹಾರಿದ್ವು ಅನ್ನು.”

ಕೌಂಟರಿನಿಂದ ಕರೆ ಬಂತು. ಅಕ್ಕ ಪೊಟ್ಟಣದೊಳಗಿನ ಗುಬ್ಬಿಯನ್ನು ತೆಗೆದು ಕೈಚೀಲಕ್ಕೆ ತುರುಕಿ ಮುಂದೆ ಹೋದಳು.