ತೂಗುದೀಪದ ನಾಲ್ಕನೆಯ ಬಾಯಿ

ಮಾನ್ಯ ಅಧ್ಯಕ್ಷರೇ, ಮುಂದಿನ ವಾರ ಸ್ಟ್ರಾಸ್‌ಬರ್ಗ್ ಬಿಟ್ಟು ಲಿಯೋನ್‌ನಲ್ಲಿರುವ ಮಗನ ಮನೆ ಸೇರಲಿರುವ ನಮ್ಮ ಪ್ರೀತಿಯ ರಬ್ಬಿ ಎಡ್ಗಾರ್ ರೂಫ್ ಅವರೇ, ಅವರ ಧರ್ಮಪತ್ನಿಯವರೇ, ನನ್ನ ಭಾಷಣ ಮುಗಿದರೆ ಕೇಕು ಬರುತ್ತದೆಂದು ಬಾಗಿಲ ಕಡೆಗೇ ಕಣ್ಣಿಟ್ಟಿರುವ ಸಭಿಕರೇ,

ನಮ್ಮ ಯಹೂದಿ ಮಹಿಳಾ ಸಂಘದ ಪರವಾಗಿ ಎರಡು ಮಾತು ಆಡು ಎಂದರು. ಈ ಹುಗೆಟ್ ಎರಡು ಮಾತಿಗೆ ನಿಲ್ಲಿಸುವವಳಲ್ಲ ಎಂದು ಗೊತ್ತಿದ್ದೂ ಮೈಕು ಕೊಟ್ಟಿದ್ದೀರಿ. ಇನ್ನು ಅನುಭವಿಸಿ.

ರಬ್ಬಿಯವರನ್ನು ನಾವು ಏನೇನು ಕೇಳಿಲ್ಲ ಹೇಳಿ? ಮೊಟ್ಟೆಯಲ್ಲಿ ರಕ್ತದ ಚುಕ್ಕೆ ಕಂಡರೆ ತಿನ್ನಬಹುದೇ ಎಂದು ಕೇಳಿದೆವು. ಯಾವ ಕೆಲಸವನ್ನೂ ಮಾಡಬಾರದ ಸಬ್ಬತ್ತಿನ ದಿನ ಮಗುವಿನ ಗೊಂಬೆಯ ಕೈ ಕಳಚಿದರೆ ಜೋಡಿಸಬಹುದೇ ಎಂದು ಕೇಳಿದೆವು. ಇಲ್ಲೇ ಮುಂದೆ ಕೂತಿರುವ ಮದಾಮ್ ಬ್ಲೋಕ್ ಅವರಂತೂ, "ಪಾಸ್ಕ ಹಬ್ಬದಲ್ಲಿ ನಮ್ಮ ಗಿಳಿಗೆ ಬ್ರೆಡ್ಡು ಹಾಕ್ಬಹುದಾ?" ಎಂದು ಕೇಳಿದ್ದರು. "ಗಿಳಿಗೇನೂ ಅಡ್ಡಿಯಿಲ್ಲಮ್ಮ. ಹಬ್ಬ ಮುಗಿಯೋವರೆಗೂ ಬ್ರೆಡ್ಡು ನಿಮ್ಮನೇಲಿ ಇರೋ ಹಾಗಿಲ್ಲ, ಅಷ್ಟೇ. ಬೇರೆ ಕಾಳು ಹಾಕಿ, ಅದೂ ಸ್ವಲ್ಪ ತೆಳ್ಳಗಾಗ್ಲಿ" ಎಂದರಂತೆ ಇವರು. ನಗಬೇಡಿ, ಗಿಳಿ ಇನ್ನೂ ಬದುಕಿದೆ.

ನಾನು ಒಮ್ಮೆ ಒಂದು ಚಮಚ ಹಿಡಿದುಕೊಂಡು ಹೋಗಿದ್ದೆ. ಆ ಮಾತು ಹೇಳಬೇಕಾದರೆ ನಮ್ಮ ಮನೆಯ ದೀಪದ ಮಾತು ಬರುತ್ತದೆ.

ನಮ್ಮ ಊಟದ ಮೇಜಿನ ಮೇಲೆ ಅತ್ತೆಯ ಕಾಲದ ಹಿತ್ತಾಳೆಯ ತೂಗುದೀಪವಿದೆ. ಸುತ್ತಲೂ ಬತ್ತಿ ಇಡುವ ಬಾಯಿಗಳು. ಶುಕ್ರವಾರ ಸೂರ್ಯ ಮುಳುಗುವ ಮುಂಚೆ ಹಚ್ಚುತ್ತೇನೆ. ಎರಡು ಬತ್ತಿ ಸಬ್ಬತ್ತಿಗೆ, ಆಮೇಲೆ ಮಕ್ಕಳಿಗೆ ಒಂದೊಂದು: ಮಗ ಗೀಗೆ ಒಂದು, ಮಗಳು ಎಲಿಯಾನ್‌ಗೆ ಒಂದು. ಅಂಗೈಯಿಂದ ಕಣ್ಣು ಮುಚ್ಚಿ ಪ್ರಾರ್ಥನೆ ಹೇಳಿ ಕೈ ತೆಗೆದರೆ, ನಿಮಗೂ ಹೀಗಾಗುತ್ತದೆಯೇ, ಕೋಣೆ ಬೇರೆಯದೇ ಆಗಿರುತ್ತದೆ. ಗೋಡೆಗಳು ಸ್ವಲ್ಪ ದೂರ ಸರಿದಿರುತ್ತವೆ. ಕೆಳಗಿನ ನದಿ ಮೇಲೆದ್ದು ಕಿಟಕಿಯ ಪಕ್ಕದಲ್ಲೇ ಸದ್ದಿಲ್ಲದೆ ಹರಿಯುತ್ತಿದೆ ಅನ್ನಿಸುತ್ತದೆ. ಊರಿಗೆ ಹೋದವರು, ಸತ್ತವರು, ಎಲ್ಲರೂ ಕುರ್ಚಿ ಎಳೆದುಕೊಂಡು ಕೂರುವಷ್ಟು ಜಾಗವಾಗುತ್ತದೆ.

ಎಲಿಯಾನ್ ನಮ್ಮ ಧರ್ಮದವನಲ್ಲದ ಹುಡುಗನನ್ನು ಮದುವೆಯಾಗುತ್ತೇನೆಂದು ಕೊಲ್ಮಾರ್‌ಗೆ ಹೊರಟಳು. ಹೊರಟಿದ್ದೂ ಶುಕ್ರವಾರವೇ. ಮನೆಯಲ್ಲಿ ಆದ ಮಾತುಗಳನ್ನು ಇಲ್ಲಿ ಹೇಳುವುದಿಲ್ಲ. ಅರ್ಮಾಂ, ನನ್ನ ಯಜಮಾನರೇ, ಮೂರನೆಯ ಸಾಲಿನಲ್ಲಿ ಕೂತು ಕೆಮ್ಮಬೇಡಿ, ಹೇಳುವುದಿಲ್ಲ ಎಂದೆನಲ್ಲ.

ಮುಂದಿನ ಶುಕ್ರವಾರ ನೋಡಿದರೆ ನಾಲ್ಕನೆಯ ಬಾಯಲ್ಲಿ ಬತ್ತಿಯಿಲ್ಲ. ನಮ್ಮ ಮನೆಯಲ್ಲಿ ಎಣ್ಣೆ ಹಾಕಿ ಬತ್ತಿ ಇಡುವುದು ಯಜಮಾನರ ಕೆಲಸ. "ಇನ್ಮೇಲೆ ಮೂರೇ ಸಾಕು" ಎಂದರು. ಮೂರು ಹಚ್ಚಿದೆ. ಕಣ್ಣು ಮುಚ್ಚಿದೆ. ತೆಗೆಯಲು ಧೈರ್ಯವೇ ಬರಲಿಲ್ಲ.

ಮಗಳ ಮಾತೆತ್ತುವುದು ಹೇಗೆ? ನಮ್ಮಲ್ಲಿ ಹಾಲೂ ಮಾಂಸವೂ ಕೂಡಬಾರದಲ್ಲ, ಹಾಲಿನ ಚಮಚವೊಂದನ್ನು ಕಾಗದದಲ್ಲಿ ಸುತ್ತಿಕೊಂಡು, ಮಾಂಸದ ಸಾರಿಗೆ ಬಿತ್ತೆಂದು ಹೇಳಿಕೊಂಡು ರಬ್ಬಿಯವರ ಮನೆಗೆ ಹೋದೆ. ಅವರು ಚಮಚ ನೋಡಿದರು, ನನ್ನ ಮುಖ ನೋಡಿದರು.

"ಸಾರು ಬಿಸಿ ಇತ್ತಾ ಹುಗೆಟ್?"

"ಯಾವ ಸಾರು?" ಎಂದುಬಿಟ್ಟೆ.

ಅವರು ನಗಲಿಲ್ಲ. ಕುರ್ಚಿ ತೋರಿಸಿದರು. ನಾನು ಅತ್ತುಬಿಟ್ಟೆ. ಎಲ್ಲ ಆಲಿಸಿ, ಗಡ್ಡ ನೀವುತ್ತಾ ಕೇಳಿದರು.

"ಅವಳು ಹೋದ ಶುಕ್ರವಾರ ದೀಪ ಹಚ್ಚಿದ್ಯೇನಮ್ಮ?"

ಆಗ ನೆನಪಾಯಿತು. ರೈಲು ಹೋದ ಮೇಲೂ ನಾನು ಸ್ಟೇಷನ್ನಿನಲ್ಲೇ ನಿಂತಿದ್ದೆ. ಮನೆಗೆ ಬಂದಾಗ ಕತ್ತಲಾಗಿತ್ತು, ಸಬ್ಬತ್ತು ಶುರುವಾದ ಮೇಲೆ ಬೆಂಕಿ ಹಚ್ಚುವ ಹಾಗಿರಲಿಲ್ಲ.

"ಹಚ್ಚಲಿಲ್ಲ. ಮರ್ತೇಹೋಯ್ತು."

"ಹಾಗಾದ್ರೆ ಪದ್ಧತಿ ನಿಂಗೇ ಗೊತ್ತಲ್ಲ. ಒಂದು ಸಲ ಮರೆತವಳು ಬದುಕಿರೋವರೆಗೂ ವಾರವಾರ ಒಂದು ದೀಪ ಜಾಸ್ತಿ ಹಚ್ಬೇಕು. ಅರ್ಮಾಂಗೆ ನಾನು ಹೇಳ್ದೆ ಅಂತ ಹೇಳು."

ಸಭಿಕರೇ, ನಮ್ಮೆಲ್ಲರ ತಾಯಂದಿರಿಗೂ ಗೊತ್ತಿದ್ದ ಪದ್ಧತಿ ಅದು. ನನ್ನ ಯಜಮಾನರು ಮಗಳ ಮೇಲೆ ಮುನಿಯಬಲ್ಲರು, ಪದ್ಧತಿಯ ಮೇಲೆ ಮುನಿಯುವವರಲ್ಲ. "ಪದ್ಧತಿ ಅಂದ್ರೆ ಪದ್ಧತಿ" ಎಂದು ನಾಲ್ಕನೆಯ ಬಾಯಿಗೆ ತಾವೇ ಬತ್ತಿಯಿಟ್ಟರು. ಅಂದಿನಿಂದ ಅವರ ಪಾಲಿಗೆ ಅದು ನನ್ನ ಮರೆವಿನ ದೀಪ. ನಾನು ಅಂಗೈಯ ಹಿಂದೆ ಯಾರ ಹೆಸರು ಹೇಳುತ್ತಿದ್ದೆ ಎಂಬುದು ನನಗೆ, ದೇವರಿಗೆ, ಬಹುಶಃ ರಬ್ಬಿಯವರಿಗೆ ಮಾತ್ರ ಗೊತ್ತಿತ್ತು. ಎಷ್ಟು ವರ್ಷ ಹೀಗೇ ಕಳೆಯಿತು! ಆ ಬೆಳಕಿನಲ್ಲಿ, ನನ್ನೊಬ್ಬಳ ಕಣ್ಣಿಗೆ ಕಾಣುವಂತೆ, ಅವಳು ವಾರವಾರ ಬಂದು ಕೂತು, ಬ್ರೆಡ್ಡಿನ ತುದಿ ಮುರಿದು ತಿಂದು, ಮಾತಾಡದೆ ಎದ್ದು ಹೋಗುತ್ತಿದ್ದಳು.

ಇದನ್ನೆಲ್ಲ ಹೇಳಬೇಕೆಂದು ಬಂದವಳಲ್ಲ ನಾನು. ಆದರೆ ಕಳೆದ ಶುಕ್ರವಾರ ಕಡ್ಡಿ ಗೀರಿ ನೋಡಿದರೆ ಐದು ಬತ್ತಿ.

"ರೀ, ಲೆಕ್ಕ ತಪ್ಪಿದ್ದೀರಲ್ಲ."

ಅರ್ಮಾಂ ಕಿಟಕಿಯ ಕಡೆ ತಿರುಗಿ ನಿಂತಿದ್ದರು. "ತಪ್ಪಿಲ್ಲ. ನಿನ್ನ ಮರೆವಿಗೆ ಒಂದಾಯ್ತು. ಅವಳಿಗೆ ಬೇಡ್ವಾ ಒಂದು?" ಎಂದರು.

ಕಡ್ಡಿ ಬೆರಳು ಸುಟ್ಟಿತು. ಇನ್ನೊಂದು ಗೀರಿದೆ.

ರಬ್ಬಿಯವರೇ, ಇದು ನಿಮಗೆ ನನ್ನ ಕೊನೆಯ ಪ್ರಶ್ನೆ. ಒಮ್ಮೆ ಹೆಚ್ಚಿಸಿದ ದೀಪವನ್ನು ಮತ್ತೆ ಕಡಿಮೆ ಮಾಡುವ ಹಾಗಿಲ್ಲ ತಾನೇ? ನೀವು ಹೌದೆಂದು ತಲೆಯಾಡಿಸುತ್ತಿದ್ದೀರಿ. ಎಲ್ಲರೂ ನೋಡಿದ್ದಾರೆ, ಅರ್ಮಾಂ ಕೂಡ ನೋಡಿದ್ದಾರೆ.

ನಾಳೆ ಮತ್ತೆ ಶುಕ್ರವಾರ. ಕೊಲ್ಮಾರ್‌ಗೆ ಸೂರ್ಯ ಮುಳುಗುವ ಮುಂಚೆ ಒಂದು ಫೋನು ಮಾಡಬಹುದು, ಅದಕ್ಕೆ ಯಾವ ರಬ್ಬಿಯ ಅಪ್ಪಣೆಯೂ ಬೇಡ. ಮಾಡಬೇಕಾದವರು ಮೂರನೆಯ ಸಾಲಿನಲ್ಲಿದ್ದಾರೆ, ಈಗ ಕೆಮ್ಮುತ್ತಿಲ್ಲ, ಕರವಸ್ತ್ರ ಹುಡುಕುತ್ತಿದ್ದಾರೆ.

ಗುರುಗಳೇ, ನಮ್ಮ ಚಮಚಗಳನ್ನೂ ಅವುಗಳ ಹಿಂದಿನ ಅಳುವನ್ನೂ ಕೇಳಿಸಿಕೊಂಡಿರಿ. ನಿಮಗೆ ಋಣಿ. ಇಷ್ಟು ಹೊತ್ತು ಕೇಕಿಗೆ ಕಾದ ನಿಮಗೆಲ್ಲ ವಂದನೆಗಳು. ನಮಸ್ಕಾರ.